ಬ್ರೇಕಿನ ಮೇಲಿನ ಕಾಲು

ಆ ಡಿಪೋದಲ್ಲಿ ಬಸ್ಸು ಓಡಿಸಲು ಕಲಿತವರೆಲ್ಲ ಮೇಷ್ಟ್ರ ಕಿವಿಗೆ ಹೆದರುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತರೆ ಸಾಕು, ಎರಡೂ ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟು, ಅವರು ಇಡೀ ಬಸ್ಸನ್ನು ಕಿವಿಯಿಂದಲೇ ನೋಡುತ್ತಿದ್ದರು. ಗೇರು ಕೂದಲೆಳೆಯಷ್ಟು ತಡವಾಗಿ ಬಿದ್ದರೂ ‘ಹ್ಞೂಂ’ ಎನ್ನುವರು. ಕ್ಲಚ್ಚನ್ನು ಒರಟಾಗಿ ಬಿಟ್ಟರೆ, ‘ಹಿಂದಿನ ಸೀಟಿನ ಅಜ್ಜಿ ನಿನ್ನ ವಂಶಾನೇ ಬೈತಾ ಇದಾಳೆ, ಕೇಳಿಸ್ತಾ?’ ಎನ್ನುವರು. ಹಿಂದಿನ ಸೀಟಿನಲ್ಲಿ ಯಾವ ಅಜ್ಜಿಯೂ ಇರುತ್ತಿರಲಿಲ್ಲ. ಆದರೂ ಕಲಿಯುವವನು ಬೆವರುತ್ತಿದ್ದ. ದೇವರ ಕಣ್ಣು ತಪ್ಪಿಸಿದರೂ ಮೇಷ್ಟ್ರ ಕಿವಿ ತಪ್ಪಿಸೋಕಾಗಲ್ಲ ಎಂಬುದು ಅಲ್ಲಿಯ ಗಾದೆಯೇ ಆಗಿಹೋಗಿತ್ತು.

ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾದರೂ ಡಿಪೋದಲ್ಲಿ ಅವರದೆನ್ನುವ ಎರಡು ಸಂಗತಿ ಉಳಿದಿದ್ದವು. ಒಂದು, ಆ ಕಿವಿಯ ಕತೆ. ಇನ್ನೊಂದು, ಅವರು ಮಾಡಿಟ್ಟ ನಿಯಮ: ಅಪಘಾತವಾದ ಡ್ರೈವರು ಮೂರನೆಯ ದಿನ ಅದೇ ಬಸ್ಸು ಹತ್ತಬೇಕು, ಅದೇ ದಾರಿ ಹಿಡಿಯಬೇಕು. ‘ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು’ ಎನ್ನುತ್ತಿದ್ದರು ಮೇಷ್ಟ್ರು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಬರೆದಿಟ್ಟವುಗಳಿಗಿಂತ ಗಟ್ಟಿಯಾಗಿತ್ತು, ಅಷ್ಟೆ.

ಅದೇ ನಿಯಮ ಈಗ ಅವರ ಮನೆಯೊಳಗೆ ಬಂದು ಕೂತಿತ್ತು.

ಸೊಸೆ ಅವರ ಕೊನೆಯ ಶಿಷ್ಯೆ. ಮೊದಲು ಶಿಷ್ಯೆ, ಆಮೇಲೆ ಸೊಸೆ. ಮಗ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ಸಲ ಮನೆಗೆ ಬರುವವನು. ಹೀಗಾಗಿ ಮನೆಯಲ್ಲಿ ಮೇಷ್ಟ್ರು, ಅವರ ಹೆಂಡತಿ, ಸೊಸೆ, ಮೂರೇ ಜನ. ಐದು ತಿಂಗಳ ಹಿಂದೆ, ಮಳೆ ಬಿದ್ದ ಒಂದು ಬೆಳಿಗ್ಗೆ, ಇಳಿಜಾರಿನ ತಿರುವಿನಲ್ಲಿ ಸೊಸೆಯ ಬಸ್ಸು ಜಾರಿತು. ತಡೆಗೋಡೆ ಮುರಿದುಹೋಗಿ ಮುಂದೆ ಬರೀ ಗಾಳಿ ಕಾಣುವಲ್ಲಿ ಬಂದು ನಿಂತಿತು. ಹ್ಯಾಂಡ್ ಬ್ರೇಕು ಹಿಡಿಯಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟರೆ ಕೆಸರಿನಲ್ಲಿ ಕಲ್ಲೇ ಜಾರುತ್ತಿತ್ತು. ಉಳಿದದ್ದು ಅವಳ ಬಲಗಾಲು ಒಂದೇ. ಬಾಗಿಲು ಗುಡ್ಡಕ್ಕೆ ಒತ್ತಿಕೊಂಡಿದ್ದರಿಂದ ಜನರೆಲ್ಲ ಹಿಂದಿನ ಕಿಟಕಿಯಿಂದ ಒಬ್ಬೊಬ್ಬರಾಗಿ ಇಳಿಯಬೇಕಾಯಿತು. ಹಿಂದಿನಿಂದ ಒಂದು ಲಾರಿ ಬಂದು ಸರಪಳಿ ಬಿಗಿಯುವ ತನಕ, ಇಪ್ಪತ್ತೆರಡು ನಿಮಿಷ, ಅವಳು ಬ್ರೇಕಿನ ಮೇಲಿನ ಕಾಲು ಎತ್ತಲಿಲ್ಲ.

ಯಾರೂ ಸಾಯಲಿಲ್ಲ. ಯಾರಿಗೂ ಒಂದು ಗೀರೂ ಆಗಲಿಲ್ಲ. ಪೇಪರಿನಲ್ಲಿ ಅವಳ ಫೋಟೋ ಬಂತು. ಮೂರನೆಯ ದಿನ, ನಿಯಮದಂತೆ, ಅದೇ ಬಸ್ಸು ಹತ್ತಿ ಅದೇ ದಾರಿಯಲ್ಲಿ ಹೊರಟಳು. ಮೇಷ್ಟ್ರೇ ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದರು.

ಹನ್ನೊಂದು ದಿನ ಓಡಿಸಿದಳು. ಹನ್ನೆರಡನೆಯ ದಿನ ಊರ ನಡುವಿನ ದೊಡ್ಡ ರಸ್ತೆಯಲ್ಲಿ, ಇಳಿಜಾರೂ ಇಲ್ಲ, ತಿರುವೂ ಇಲ್ಲ, ಬಸ್ಸು ನಿಲ್ಲಿಸಿದವಳು ಮತ್ತೆ ಬ್ರೇಕಿನಿಂದ ಕಾಲು ತೆಗೆಯಲಾರದೆ ಕೂತುಬಿಟ್ಟಳು. ಹಿಂದೆ ವಾಹನಗಳ ಸಾಲು, ಕಿವಿ ಕಿತ್ತುಹೋಗುವ ಹಾರ್ನು, ಇಳಿದು ಬಂದು ಬಾಯಿಗೆ ಬಂದಂತೆ ಬೈಯುವ ಜನ. ಕಂಡಕ್ಟರಮ್ಮ ಅವಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಬೇಕಾಯಿತು. ಅಂದು ಸಂಜೆಯೇ ಡಿಪೋದಲ್ಲಿ ಅವಳಿಗೆ ಹೆಸರು ಬಿತ್ತು: ಬ್ರೇಕಮ್ಮ.

ಅಲ್ಲಿಂದ ನಾಲ್ಕು ತಿಂಗಳು ಮನೆಯಲ್ಲೇ ಇದ್ದಳು. ಡಾಕ್ಟರಮ್ಮನೊಬ್ಬರು ಪತ್ರ ಬರೆದುಕೊಟ್ಟಿದ್ದರು, ಆಘಾತದ ನಂತರದ ಒತ್ತಡದ ಕಾಯಿಲೆ ಎಂದು. ಡಿಪೋ ಮ್ಯಾನೇಜರು ಅದನ್ನು ಓದಿ ಮೇಷ್ಟ್ರಿಗೆ ಫೋನ್ ಮಾಡಿದರು.

“ಇದು ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಬರೋದಲ್ವಾ ಮೇಷ್ಟ್ರೇ? ಬಸ್ಸಿಗೆಲ್ಲ ಬರುತ್ತಾ? ಗಾಯ ಇಲ್ಲ, ಸಾವಿಲ್ಲ. ಮೇಲಿನವರಿಗೆ ನಾನು ಏನಂತ ಬರೀಲಿ? ಸೋಮವಾರ ಬರ್ಲಿ. ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ. ಅಂಗಳದಿಂದ ಹೊರಗೆ ಹೋಗಿ ಒಂದು ಸುತ್ತು ಬಂದರೆ ಸಾಕು, ಓಡಿಸಬಲ್ಲಳು ಅಂತ ಸಹಿ ಹಾಕಿ. ಆಗಲಿಲ್ಲ ಅಂದ್ರೆ ಕೆಲಸದಲ್ಲಿ ಮನಸ್ಸಿಲ್ಲ ಅಂತ ಸಹಿ ಹಾಕಿ. ಎರಡರಲ್ಲಿ ಒಂದು. ನಿಮ್ಮ ಸೊಸೆ ಅಂತ ಕೇಳ್ತಿಲ್ಲ, ನಿಮ್ಮ ಕಿವಿ ಮೇಲಿನ ನಂಬಿಕೆಗೆ ಕೇಳ್ತಿದೀನಿ.”

ಕೆಲಸದಲ್ಲಿ ಮನಸ್ಸಿಲ್ಲ ಎಂದು ಬರೆದರೆ ಅವಳನ್ನು ತೆಗೆದುಹಾಕುತ್ತಾರೆ. ತೆಗೆದುಹಾಕಿದರೆ ಇನ್ನೆಲ್ಲೂ ಸ್ಟೇರಿಂಗು ಮುಟ್ಟಲು ಬಿಡುವುದಿಲ್ಲ. ಮೇಷ್ಟ್ರಿಗೆ ಇದು ಗೊತ್ತಿತ್ತು. ಆದರೂ ಅವರಿಗೆ ಭಯವಿರಲಿಲ್ಲ. ಒಂದೇ ಒಂದು ಸುತ್ತು. ಓಡಿಸುತ್ತಾಳೆ, ಎಲ್ಲ ಸರಿಹೋಗುತ್ತದೆ.

ಭಾನುವಾರ ಬೆಳಿಗ್ಗೆ ಟೀ ಕುಡಿಯುವಾಗ ಅದನ್ನೇ ಹೇಳಿದರು. “ನನಗೂ ಒಂದು ಸಲ ಹೀಗೇ ಆಗಿತ್ತಮ್ಮ. ಮೂರನೇ ದಿನ ಹತ್ತಿದೆ, ಓಡಿಸಿದೆ, ಮುಗೀತು.”

ಸೊಸೆ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. “ಮುಗೀತಾ ಮಾವ?” ಎಂದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ್ದಳು.

“ಮತ್ತೆ? ಮುಗೀದೇ ಏನು!” ಎಂದವರು ಪೇಪರು ಬಿಡಿಸಿಕೊಂಡರು.

ಅವಳು ಎದ್ದು ಹೋದ ಮೇಲೆ ಹೆಂಡತಿ ಟೇಬಲ್ಲಿನ ಕೆಳಗೆ ಕೈ ಚಾಚಿ ಸೊಸೆಯ ಮನೆ ಚಪ್ಪಲಿಗಳನ್ನು ತೆಗೆದು ಪೇಪರಿನ ಮೇಲೆಯೇ ಇಟ್ಟರು.

“ಏನೇ ಇದು, ಓದೋ ಪೇಪರ್ ಮೇಲೆ!”

“ಓದಿ. ಇದನ್ನೂ ಸ್ವಲ್ಪ ಓದಿ.”

ಎಡಗಾಲಿನ ಚಪ್ಪಲಿ ಹೊಸದರಂತಿತ್ತು. ಬಲಗಾಲಿನದು ಮುಂಭಾಗದಲ್ಲಿ ಸವೆದು ತೂತೇ ಬಿದ್ದಿತ್ತು.

“ಇದು ಮೂರನೇ ಜೊತೆ,” ಎಂದರು ಹೆಂಡತಿ. “ಊಟಕ್ಕೆ ಕೂತ್ರೂ ಕಾಲಲ್ಲಿ ನೆಲ ಒತ್ತುತ್ತಾಳೆ, ಟೀವಿ ಮುಂದೆ ಕೂತ್ರೂ ಒತ್ತುತ್ತಾಳೆ. ನಿದ್ದೇಲಿ ಮಂಚದ ಹಲಗೆ ಒತ್ತುತ್ತಾಳೆ. ಊರಿಗೆಲ್ಲ ಹೆಸರುವಾಸಿ ಆದ ಕಿವಿ ನಿಮ್ಮದು. ಮನೆಗೆ ಬಂದ ತಕ್ಷಣ ಆಫ್ ಮಾಡಿಡ್ತೀರೇನೋ.”

“ನೀನೂ ಶುರು ಮಾಡಿದ್ಯಾ?”

“ನಾನ್ಯಾವತ್ತು ನಿಲ್ಲಿಸಿದ್ದೆ?” ಎಂದು ಹೆಂಡತಿ ಚಪ್ಪಲಿಗಳನ್ನು ಎತ್ತಿಕೊಂಡು ಹೋದರು. ಬಾಗಿಲಲ್ಲಿ ತಿರುಗಿ, ದನಿ ತಗ್ಗಿಸಿ, “ಅತ್ತೆ ಸೊಸೆ ಅಂದ್ರೆ ಹಾವು ಮುಂಗುಸಿ ಅಂತಾರೆ. ನನ್ನ ಕೈಲಿ ಅವಳನ್ನ ಹೀಗೆ ನೋಡೋಕಾಗಲ್ಲ ಕಣ್ರೀ. ನಾಳೆ ಹುಷಾರಾಗಿ ಕೇಳಿಸ್ಕೊಳ್ಳಿ,” ಎಂದರು.

ಸೋಮವಾರ ಡಿಪೋದ ಅಂಗಳದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದರು. ಪಾಳಿ ಮುಗಿಸಿದವರು ಮನೆಗೆ ಹೋಗಿರಲಿಲ್ಲ. ಟೀ ಕೌಂಟರಿನ ಬಳಿ ಗುಂಪು ಕಟ್ಟಿದ್ದರು. ಅವರ ನಡುವೆ ಹಾರ್ನಣ್ಣ. ಖಾಲಿ ರಸ್ತೆಯಲ್ಲೂ ಹಾರ್ನು ಹೊಡೆಯುವುದರಿಂದ ಆ ಹೆಸರು. ಬ್ರೇಕಮ್ಮ ಎಂದು ಹೆಸರಿಟ್ಟವನೂ ಅವನೇ.

“ಬನ್ನಿ ಮೇಷ್ಟ್ರೇ, ಬನ್ನಿ!” ಎಂದ ಅವನು. “ಹೆದರಿದೋರು ಕಾಲಿಗೆ ಬುದ್ಧಿ ಹೇಳೋದು ಗೊತ್ತು. ಕಾಲೇ ಹಟ ಹಿಡಿದು ಕೂತಿರೋದನ್ನ ಇಲ್ಲೇ ನೋಡಿದ್ದು!”

ನಗು ಎದ್ದಿತು. ಸೊಸೆ ಕೇಳಿಸಿಕೊಳ್ಳದವಳಂತೆ ನಡೆದಳು. ಮೇಷ್ಟ್ರು ಮಾತ್ರ, “ನೀನು ಮೊದಲನೇ ಸಲ ರಿವರ್ಸ್ ಹಾಕಿದಾಗ ಆ ಗೋಡೆ ಬಿದ್ದಿದ್ದು ಮರೆತ್ಯೇನೋ?” ಎಂದರು. ನಗು ಹಾರ್ನಣ್ಣನ ಕಡೆಗೆ ತಿರುಗಿಕೊಂಡಿತು.

ಬಸ್ಸು ಅದೇ ಬಸ್ಸು. ಹ್ಯಾಂಡ್ ಬ್ರೇಕು ರಿಪೇರಿಯಾಗಿತ್ತು, ಮುಂದಿನ ಬಂಪರಿಗೆ ಹೊಸ ಬಣ್ಣ ಬಳಿದಿದ್ದರು. ಸೊಸೆ ಹತ್ತಿ ಸೀಟು ಸರಿಮಾಡಿಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಕಲಿಸಿದ ಒಂದನ್ನೂ ಮರೆತಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು ಎಂದಿನಂತೆ ಕಣ್ಣು ಮುಚ್ಚಿದರು. ಹೊರಗೆ ಯಾರೋ, “ನೋಡ್ರೋ, ಕಿವಿ ಬಿಡಿಸ್ಕೊಂಡ್ರು,” ಎಂದರು.

ಎಂಜಿನ್ನು ಎದ್ದಿತು. ಸದ್ದು ಸಮವಾಗಿತ್ತು. ಗೇರು ಬಿತ್ತು, ಒಂದಿಷ್ಟೂ ಕರಕರವಿಲ್ಲದೆ. ಬ್ರೇಕು ಬಿಟ್ಟಾಗ ಬರುವ ‘ಉಸ್’ ಎಂಬ ಗಾಳಿಯ ಸದ್ದಿಗೆ ಮೇಷ್ಟ್ರು ಕಾದರು. ಬರಲಿಲ್ಲ. ಮತ್ತೂ ಕಾದರು.

“ಬಿಡು ತಾಯಿ. ಮುಂದೆ ಅಂಗಳ ಖಾಲಿ ಇದೆ.”

ಎಂಜಿನ್ನಿನ ಗುರುಗುರುವಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಸಣ್ಣದು, ತುಟಿಯಿಂದಾಚೆಗೆ ಬಂದೂ ಬಾರದಂಥದು.

“ಎಂಜಿನ್ ಆಫ್ ಮಾಡು.”

ಮೌನದಲ್ಲಿ ಅದು ಸ್ಪಷ್ಟವಾಯಿತು. ಸೊಸೆ ಎಣಿಸುತ್ತಿದ್ದಳು. “ಇಪ್ಪತ್ತೊಂಬತ್ತು... ಮೂವತ್ತು... ಮೂವತ್ತೊಂದು... ಮೂವತ್ತೆರಡು... ಮೂವತ್ತಮೂರು.” ಅಲ್ಲಿಗೆ ನಿಂತಿತು. ಉಸಿರೂ ನಿಂತಿತು. ಮತ್ತೆ ಮೊದಲಿನಿಂದ, “ಒಂದು... ಎರಡು...”

ಮೂವತ್ತಮೂರಕ್ಕೆ ಅದು ಎರಡನೆಯ ಸಲ ನಿಂತಾಗ ಮೇಷ್ಟ್ರು ಮೆಲ್ಲಗೆ ಕೇಳಿದರು. “ಏನು ಎಣಿಸ್ತಿದೀಯಮ್ಮ?”

“ಇಳಿಯೋರನ್ನ ಮಾವ.” ಅವಳ ಕಣ್ಣು ಗಾಜಿನಾಚೆಗೆ ನೆಟ್ಟಿತ್ತು. “ಅವತ್ತು ನನಗೆ ತಿರುಗಿ ನೋಡೋಕೆ ಆಗ್ತಿರಲಿಲ್ಲ. ತಿರುಗಿದ್ರೆ ಕಾಲು ಸಡಿಲ ಆಗುತ್ತೆ. ಕಂಡಕ್ಟರಮ್ಮ ಹಿಂದಿನಿಂದ ಕೂಗಿದ್ರು, ನಿನ್ನ ಬಿಟ್ಟು ಒಟ್ಟು ಮೂವತ್ತನಾಲ್ಕು ಜನ ಇದೀವಿ ಅಂತ. ಕಿಟಕಿಯಿಂದ ಹಾರಿದಾಗ ಕೆಸರಲ್ಲಿ ಕಾಲು ಬೀಳೋ ಸದ್ದು ಬರುತ್ತಲ್ಲ, ಅದನ್ನ ಎಣಿಸ್ತಾ ಇದ್ದೆ. ನೀವೇ ಕಲಿಸಿದ್ದಲ್ವಾ, ಕಿವಿಯಿಂದ ನೋಡು ಅಂತ. ಮೂವತ್ತಮೂರು ಸದ್ದು ಬಂತು. ಇನ್ನೊಂದು ಬರಲೇ ಇಲ್ಲ.”

“ಇನ್ನೊಬ್ಬರು?”

“ಕೂಸು ಮಾವ. ಅಮ್ಮನ ಕಂಕುಳಲ್ಲಿ ಇಳೀತು. ಅದಕ್ಕೆಲ್ಲಿಯ ಹೆಜ್ಜೆ ಸದ್ದು? ಆಮೇಲೆ ನಾನೇ ನೋಡಿದೆ, ಎತ್ತಿಕೊಂಡೆ ಕೂಡ. ನನ್ನ ಮೂಗು ಹಿಡಿದು ನಗ್ತು.” ಅವಳು ಬಲ ಮಂಡಿಯ ಮೇಲೆ ಕೈಯಿಟ್ಟಳು. “ನನಗೆ ಗೊತ್ತು ಮಾವ, ಎಲ್ರೂ ಇಳಿದ್ರು ಅಂತ. ಕಾಲಿಗೆ ಗೊತ್ತಿಲ್ಲ. ಅದು ಇನ್ನೂ ಕಾಯ್ತಾ ಇದೆ.”

ಮೇಷ್ಟ್ರು ಕಣ್ಣು ತೆರೆದರು.

ಕಲಿಸುವ ಸೀಟಿನಲ್ಲಿ ಕೂತು ಕಣ್ಣು ತೆರೆದು ಎಷ್ಟು ವರ್ಷವಾಗಿತ್ತೋ. ಎದುರಿಗೆ ಅಗಲವಾದ ಗಾಜು, ಅದರಾಚೆ ಬಿಸಿಲು ಬಿದ್ದ ಖಾಲಿ ಅಂಗಳ. ಅಲ್ಲಿ ಏನೂ ಇರಲಿಲ್ಲ. ಆದರೂ ಅವರ ಕೈ ಸೀಟಿನ ಅಂಚನ್ನು ಹಿಡಿದುಕೊಂಡಿತು. ಎಲ್ಲಿಂದಲೋ ಮಂಜು ಕವಿಯಿತು. ಮಂಜಿನೊಳಗಿಂದ ಮಳೆಕೋಟು ತೊಟ್ಟ ಮನುಷ್ಯನೊಬ್ಬ ಸೈಕಲ್ಲಿನ ಮೇಲೆ ಇದೀಗ ಬರುತ್ತಾನೆ, ಬಂದೇ ಬಿಟ್ಟ ಎನಿಸಿತು. ಮೂವತ್ತೊಂದು ವರ್ಷದ ಹಿಂದೆ ಬಂದವನು. ತಪ್ಪು ಮೇಷ್ಟ್ರದಲ್ಲ ಎಂದು ಎಲ್ಲರೂ ಹೇಳಿದ್ದರು. ಮೂರನೆಯ ದಿನ ಅಂದಿನ ಫೋರ್‌ಮನ್ನು ಬೆನ್ನು ತಟ್ಟಿ ಅದೇ ಬಸ್ಸು ಹತ್ತಿಸಿದ್ದ. ಓಡಿಸಿದರು. ವರ್ಷದೊಳಗೆ, ಕಲಿಸುವ ಕೆಲಸ ಕೊಡಿ, ಕಲಿಸೋದು ಇಷ್ಟ ಎಂದು ಅರ್ಜಿ ಹಾಕಿದರು. ಕಲಿಸುವ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರಬಹುದಿತ್ತು.

ಇಷ್ಟು ವರ್ಷ ಅವರು ಇದನ್ನು ತಮಗೆ ತಾವೇ ಹೇಳಿಕೊಂಡಿರಲಿಲ್ಲ. ಜನ ವಿದ್ಯೆ ಎಂದರು, ಅವರೂ ವಿದ್ಯೆ ಎಂದೇ ನಂಬಿದ್ದರು.

ಹೊರಗೆ ಯಾರೋ ಶಿಳ್ಳೆ ಹಾಕಿದರು. ಹತ್ತು ನಿಮಿಷವಾದರೂ ಅಲ್ಲಾಡದ ಬಸ್ಸನ್ನು ಎಲ್ಲರೂ ನೋಡುತ್ತಿದ್ದರು.

“ಕಾಲು ಅಲ್ಲೇ ಇರ್ಲಿ,” ಎಂದರು ಮೇಷ್ಟ್ರು. “ತೆಗಿ ಅನ್ನಲ್ಲ. ಯಾವ ಬಸ್ಸಿಗೂ ಹೊತ್ತಾಗಿಲ್ಲ.”

ಹ್ಯಾಂಡ್ ಬ್ರೇಕನ್ನು ತಾವೇ ಎಳೆದು ಬಿಗಿದರು. ಮಂಡಿ ಹಿಡಿದುಕೊಂಡು ಕೆಳಗಿಳಿದರು. ವರ್ಕ್‌ಶಾಪಿನಿಂದ ಮರದ ದಿಮ್ಮಿಗಳನ್ನು ಒಂದೊಂದಾಗಿ ಹೊತ್ತು ತಂದು ಚಕ್ರಗಳಿಗೆ ಒತ್ತಿಟ್ಟರು. ಸಮತಟ್ಟಾದ ಅಂಗಳದಲ್ಲಿ ನಿಂತ ಬಸ್ಸಿಗೆ ದಿಮ್ಮಿ ಕೊಡುವ ಮುದುಕನನ್ನು ನೋಡಿ ಮೊದಲು ನಕ್ಕರು. ಎರಡನೆಯ ದಿಮ್ಮಿಯ ಹೊತ್ತಿಗೆ ನಗು ಕಡಿಮೆಯಾಯಿತು. ಮೂರನೆಯದನ್ನು ಮೆಕ್ಯಾನಿಕ್ಕನೊಬ್ಬ ಬಂದು ಅವರ ಕೈಯಿಂದ ತೆಗೆದುಕೊಂಡ. ಪ್ರತಿ ದಿಮ್ಮಿ ಇಟ್ಟಾಗಲೂ ಮೇಷ್ಟ್ರು ಕಿಟಕಿಯ ಕೆಳಗೆ ನಿಂತು ಹೇಳುತ್ತಿದ್ದರು: “ಮುಂದಿನ ಎಡಗಡೆ, ಕೊಟ್ಟಾಯ್ತು.” “ಮುಂದಿನ ಬಲಗಡೆ, ಕೊಟ್ಟಾಯ್ತು.”

ನಾಲ್ಕೂ ಆದ ಮೇಲೆ ಮತ್ತೆ ಹತ್ತಿ ಬಂದು ಸುಮ್ಮನೆ ಕೂತರು, ಈ ಸಲ ಕಣ್ಣು ತೆರೆದುಕೊಂಡು. ಎಷ್ಟೋ ಹೊತ್ತಿಗೆ ‘ಉಸ್’ ಎಂಬ ಸದ್ದು ಬಂತು. ಸೊಸೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು.

“ಸೋತೆ ಅಲ್ವಾ ಮಾವ? ಒಂದು ಸುತ್ತು ಕೂಡ ಆಗಲಿಲ್ಲ.”

“ಪರೀಕ್ಷೆ ಮಾಡಿದೋನೇ ಫೇಲಾದ ಮೇಲೆ ನೀನು ಸೋಲೋದೆಲ್ಲಿಂದ? ಬಾ.”

ಮ್ಯಾನೇಜರ ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ಎರಡು ಸಾಲು, ಒಂದರ ಮುಂದೆ ಸಹಿ. ಕಿಟಕಿಗೆ ಡ್ರೈವರುಗಳು ಮುತ್ತಿಕೊಂಡಿದ್ದರು. ಹಾರ್ನಣ್ಣ ಎಲ್ಲರಿಗಿಂತ ಮುಂದಿದ್ದ.

ಮೇಷ್ಟ್ರು ಪೆನ್ನು ಮುಟ್ಟಲಿಲ್ಲ. “ಎರಡೂ ಸುಳ್ಳು,” ಎಂದರು.

“ಹಾಗಂದ್ರೆ ಹೇಗೆ ಮೇಷ್ಟ್ರೇ? ಓಡಿಸಬಲ್ಲಳೋ ಇಲ್ವೋ?”

“ಇವತ್ತು ಆಗಲ್ಲ.”

“ಅಂದ್ರೆ ಮನಸ್ಸಿಲ್ಲ.”

“ಮನಸ್ಸಿಲ್ಲದೋಳು ಇಪ್ಪತ್ತೆರಡು ನಿಮಿಷ ಬ್ರೇಕ್ ಹಿಡೀತಾಳಾ? ಐದು ತಿಂಗಳಿಂದ ಅವಳ ಕಾಲು ಡ್ಯೂಟಿ ಮೇಲಿದೆ ಸಾರ್. ಒಂದು ದಿನ ರಜಾ ತಗೊಂಡಿಲ್ಲ. ಡಾಕ್ಟರಮ್ಮ ಬರೆದಿದಾರಲ್ಲ, ಅದನ್ನೇ ಬರೀರಿ. ಗಾಯ ಅಂತ ಬರೀರಿ. ಕೆಲಸದಲ್ಲಿ ಆದ ಗಾಯ.”

“ಗಾಯ ಎಲ್ಲಿದೆ ತೋರಿಸಿ ಅಂತ ಮೇಲಿನವರು ಕೇಳಿದ್ರೆ?”

ಮೇಷ್ಟ್ರು ತಿರುಗಿದರು. ಕಿಟಕಿಯ ಕಡೆ ನೋಡಿದರು. ಅಲ್ಲಿದ್ದ ಮುಖಗಳಲ್ಲಿ ಮುಕ್ಕಾಲು ಪಾಲು ಅವರೇ ತಿದ್ದಿದವು.

“ನನ್ನದು ತೋರಿಸ್ತೀನಿ,” ಎಂದರು. “ನಾನು ಕಣ್ಣು ಮುಚ್ಚಿ ಪರೀಕ್ಷೆ ಮಾಡ್ತಿದ್ದೆ ಅಂತ ನೀವೆಲ್ಲ ಊರು ತುಂಬ ಹೇಳ್ಕೊಂಡು ಬಂದ್ರಲ್ಲ. ಅದು ವಿದ್ಯೆ ಅಲ್ಲ. ಒಬ್ಬ ಮನುಷ್ಯ ನನ್ನ ಬಸ್ಸಿನ ಕೆಳಗೆ ಹೋದ. ಆವತ್ತಿಂದ ಆ ಗಾಜಿನ ಆಚೆ ನೋಡೋಕೆ ನನಗೆ ಧೈರ್ಯ ಇರಲಿಲ್ಲ. ನೋಡಿದ್ರೆ ಅವನು ಬರ್ತಾನೆ. ಅದಕ್ಕೇ ಮುಚ್ಚಿಕೊಳ್ತಿದ್ದೆ. ಮುಚ್ಚಿಕೊಂಡೋನಿಗೆ ಕಿವಿ ಚುರುಕಾಯ್ತು, ಅಷ್ಟೆ.”

ಹೊರಗೆ ವರ್ಕ್‌ಶಾಪಿನಲ್ಲಿ ಸ್ಪ್ಯಾನರೊಂದು ಬಿದ್ದ ಸದ್ದು ಕೇಳಿಸಿತು.

“ಮೂವತ್ತೊಂದು ವರ್ಷ,” ಎಂದರು ಮೇಷ್ಟ್ರು. “ಅದರ ಮೇಲೆ ಆ ಮೂರನೇ ದಿನದ ನಿಯಮ. ನನಗೆ ಮಾಡಿದ್ದನ್ನ ಔಷಧಿ ಅಂದ್ಕೊಂಡು ನಿಮಗೆಲ್ಲ ಕುಡಿಸಿದೆ. ಇವಳಿಗೂ ಕುಡಿಸಿದೆ. ಅದನ್ನ ಇವತ್ತಿಗೆ ನಿಲ್ಲಿಸಿ. ಇಲ್ಲಿ ಯಾರ್ಯಾರು ಮೂರನೇ ದಿನ ಹತ್ತಿದ್ರೋ ಅವರಿಗೆಲ್ಲ ಕೈ ಮುಗಿದು ಕ್ಷಮೆ ಕೇಳ್ಕೋತೀನಿ.” ನಿಜಕ್ಕೂ ಕೈ ಮುಗಿದರು.

“ಅಯ್ಯೋ ಬಿಡಿ ಮೇಷ್ಟ್ರೇ,” ಎಂದು ಕಿಟಕಿಯಿಂದ ಯಾರೋ ಅಂದರು. ಹಾರ್ನಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಮ್ಯಾನೇಜರು ಡಾಕ್ಟರಮ್ಮನ ಪತ್ರವನ್ನು ಮತ್ತೊಮ್ಮೆ, ಈ ಸಲ ಕೊನೆಯವರೆಗೂ ಓದಿದರು. ಆಮೇಲೆ ಮುಂದಿದ್ದ ಕಾಗದವನ್ನು ಹರಿದರು. “ನಾನು ಕೆಲಸದ ಗಾಯ ಅಂತಲೇ ಬರೆದು ಕಳಿಸ್ತೀನಿ. ಮೇಲಿನವರು ಒಪ್ತಾರೋ ಇಲ್ವೋ, ಮಾತು ಕೊಡೋಕಾಗಲ್ಲ. ಒಪ್ಪಲಿಲ್ಲ ಅಂದ್ರೆ ಇನ್ನೊಂದು ಸಲ ಬರೀತೀನಿ. ಅಲ್ಲಿಯವರೆಗೆ ರಜಾ. ಆಮೇಲೆ ಪಾಸ್ ಕೌಂಟರಲ್ಲಿ ಕೂರಲಿ. ಬಸ್ಸು ಯಾವಾಗ ಹತ್ತಬೇಕು ಅನ್ನೋದನ್ನ ಅವಳು ಹೇಳ್ಲಿ, ಡಾಕ್ಟರಮ್ಮ ಹೇಳ್ಲಿ. ಕ್ಯಾಲೆಂಡರ್ ಹೇಳೋದು ಬೇಡ.”

ಗೇಟಿನ ಬಳಿ ಹಾರ್ನಣ್ಣ ಓಡಿಬಂದ. ಎರಡೂ ಕೈಯಲ್ಲಿ ಟೀ ಲೋಟ, ಅರ್ಧ ಟೀ ಅಂಗಿಯ ಮೇಲೆ. “ತಂಗಿ, ಆ ಹೆಸರು ಇಟ್ಟಿದ್ದು ನಾನೇ. ಬಾಯಿ ನನ್ನ ಮಾತು ಕೇಳಲ್ಲ. ಬೇರೆ ಹೆಸರು ಯೋಚನೆ ಮಾಡ್ತೀನಿ.”

ಸೊಸೆ ಲೋಟ ತೆಗೆದುಕೊಂಡಳು. “ಬೇಡ ಬಿಡಣ್ಣ. ಇರ್ಲಿ. ಅವತ್ತು ಬ್ರೇಕ್ ಹಿಡೀತಲ್ಲ, ಸುಳ್ಳಲ್ಲ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ಮೊದಲು ನಕ್ಕಳು.

ಗುರುವಾರ ಡಾಕ್ಟರಮ್ಮನ ಬಳಿ ಹೋಗುವ ದಿನ. ಪ್ರತಿ ಸಲ ಅತ್ತೆ ಜೊತೆಗೆ ಹೋಗುತ್ತಿದ್ದರು. ಈ ಸಲ ಮೇಷ್ಟ್ರು ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಕಾಲರು ಸರಿಮಾಡಿ, “ಕೇಳಿದ್ದಕ್ಕೆಲ್ಲ ನಿಜ ಹೇಳಿ. ಮೇಷ್ಟ್ರಿಕೆ ಮಾಡಬೇಡಿ,” ಎಂದಷ್ಟೇ ಹೇಳಿದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಉದ್ದದ ಬೆಂಚು, ಫಿನಾಯಿಲಿನ ವಾಸನೆ. ಚೀಟಿ ಬರೆಯುವಾಕೆ ತಲೆಯೆತ್ತದೆ ಕೇಳಿದಳು, “ಪೇಶೆಂಟ್ ಯಾರು, ಜೊತೆಗೆ ಬಂದೋರು ಯಾರು?”

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, “ಎರಡು ಚೀಟಿ ಬರೀಮ್ಮ,” ಎಂದರು.

“ಜೊತೆಗೆ ಬಂದೋರಿಗೆ ಚೀಟಿ ಬೇಡ ತಾತ.”

“ನನಗೆ ಇವಳು ಜೊತೆ, ಇವಳಿಗೆ ನಾನು ಜೊತೆ.”

ಈಗ ಅವಳು ತಲೆಯೆತ್ತಿದಳು. ಸೊಸೆಯೂ ಮಾವನ ಮುಖ ನೋಡಿದಳು.

“ತೊಂದರೆ ಏನು ಅಂತ ಬರೀಲಿ?”

“ಅಪಘಾತ.”

“ಯಾವಾಗ ಆಗಿದ್ದು?”

“ಮೂವತ್ತೊಂದು ವರ್ಷ ಆಯ್ತು.”

ಪೆನ್ನು ಒಂದು ಕ್ಷಣ ನಿಂತಿತು. ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆದು, “ಕೂತ್ಕೊಳ್ಳಿ, ಕರೀತೀವಿ,” ಎಂದಳು.

ಬೆಂಚಿನಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಸೊಸೆ ಕೂತು, ಸರಿದು, ಮಾವನಿಗೂ ಜಾಗ ಮಾಡಿಕೊಟ್ಟಳು.